ಒಂದೇ ಕುರ್ಚಿ, ಮೂರು ಕಸುಬು: ಕ್ರೈಸ್ತ ಆಪ್ತಸಲಹೆಯಲ್ಲಿ ಆಧ್ಯಾತ್ಮಿಕ ಮಾರ್ಗದರ್ಶನ

ಬೆಂಗಳೂರಿನ ಬಾಪೂಜಿ ನಗರದಲ್ಲಿ ಯಾರಿಗೋ ತಿಂಗಳುಗಟ್ಟಲೆ ನಿದ್ದೆ ಬರುತ್ತಿಲ್ಲ, ಎದೆ ಸುಮ್ಮಸುಮ್ಮನೆ ಡವಡವ ಹೊಡೆದುಕೊಳ್ಳುತ್ತದೆ, ‘ಸಾಕಾಗಿದೆ’ ಎನ್ನುವ ಮಾತು ದಿನಕ್ಕೆ ನಾಲ್ಕು ಸಲ ಬಾಯಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಕೆ.ಆರ್. ಮಾರುಕಟ್ಟೆ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಹಾನ್ಸ್ ಕೂಡ ಪರಊರಲ್ಲ. ಆದರೂ ಮನೆಯವರು ಮೊದಲು ಹೊರಡುವುದು ಆ ಕಡೆಗಲ್ಲ. ಒಬ್ಬರು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ, ಇನ್ನೊಬ್ಬರು ದರ್ಗಾಕ್ಕೆ, ಕ್ರೈಸ್ತರ ಮನೆಯಾದರೆ ಫಾದರ್ ಅಥವಾ ಪಾಸ್ಟರ್ ಹತ್ತಿರ. ಪಾಸ್ಟರ್ ಎರಡು ಬೀದಿಯಾಚೆ ಇರುತ್ತಾರೆ, ಚೀಟಿ ಬರೆಸಬೇಕಾಗಿಲ್ಲ, ಸರದಿ ಇಲ್ಲ, ಫೀಸು ಇಲ್ಲ, ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿದರೂ ತೆಗೆಯುತ್ತಾರೆ. ಅದಕ್ಕಿಂತ ದೊಡ್ಡ ಅನುಕೂಲ, ಅಲ್ಲಿಗೆ ಹೋದದ್ದನ್ನು ಕಂಡ ನೆರೆಯವರು ‘ತಲೆ ಕೆಟ್ಟಿದೆಯಂತೆ’ ಎಂದು ಆಡಿಕೊಳ್ಳುವುದಿಲ್ಲ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದವರು. ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಒಂದೊಂದು ಕಾಯಿಲೆಗೆ ಒಂದೊಂದು, ಶೇ 70ರಿಂದ 92ರವರೆಗೆ. ಈ ದೊಡ್ಡ ತೆರಪಿನಲ್ಲಿ ಕೂತವರೇ ಪೂಜಾರಿ, ಮೌಲ್ವಿ, ಪಾದ್ರಿ. ಯಾರೂ ಅವರನ್ನು ನೇಮಿಸಿಲ್ಲ, ಜನ ಹೋಗಿ ಹೋಗಿ ಅವರು ಹಾಗಾದರು. ಆದ್ದರಿಂದ ಆಪ್ತಸಲಹೆಯಲ್ಲಿ ದೇವರಿಗೆ ಜಾಗ ಇರಬೇಕೇ ಎಂದು ವಿಚಾರಸಂಕಿರಣ ಮಾಡುವುದು ತಡವಾಗಿ ಎದ್ದವರ ಕೆಲಸ. ಜಾಗ ಆಗಲೇ ಇದೆ. ಅಲ್ಲಿ ಕೂತವರಿಗೆ ತಾವು ಏನು ಮಾಡುತ್ತಿದ್ದೇವೆ ಎನ್ನುವುದು ಎಷ್ಟು ಗೊತ್ತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಮೂರು ಕೆಲಸಗಳು ಇಲ್ಲಿ ಒಂದರೊಳಗೊಂದು ಕಲೆತುಹೋಗಿವೆ. ಈ ಮನುಷ್ಯ ದೇವರ ಜೊತೆ ಹೇಗಿದ್ದಾನೆ ಎಂದು ನೋಡುವುದು ಆಧ್ಯಾತ್ಮಿಕ ಮಾರ್ಗದರ್ಶನ. ತನ್ನ ಜೊತೆ, ಹೆಂಡತಿ ಮಕ್ಕಳ ಜೊತೆ, ಕೆಲಸದ ಜೊತೆ ಹೇಗಿದ್ದಾನೆ ಎಂದು ನೋಡುವುದು ಆಪ್ತಸಲಹೆ. ಕಾಯಿಲೆ ಇದೆಯೇ, ಇದ್ದರೆ ಯಾವುದು, ಏನು ಕೊಡಬೇಕು ಎನ್ನುವುದು ಚಿಕಿತ್ಸೆ. ಮೂರಕ್ಕೂ ಕಿವಿಗೊಡುವುದೇ ಮೊದಲ ಹೆಜ್ಜೆಯಾದ್ದರಿಂದ ಹೊರಗಿನಿಂದ ನೋಡಿದವರಿಗೆ ಒಂದೇ ತರಹ ಕಾಣುತ್ತವೆ. ಗುರಿ ಮಾತ್ರ ಬೇರೆ ಬೇರೆ. ಮಾರ್ಗದರ್ಶಕನಿಗೆ ಸಂಕಟವೂ ಒಂದು ದಾರಿ ಇರಬಹುದು, ವೈದ್ಯನಿಗೆ ಅದು ಇಳಿಸಬೇಕಾದ ಭಾರ. ಒಬ್ಬನೇ ಮನುಷ್ಯ ಒಂದೇ ಕುರ್ಚಿಯಲ್ಲಿ ಕೂತು, ಈಗ ತಾನು ಯಾವ ಕಸುಬು ಮಾಡುತ್ತಿದ್ದೇನೆ ಎಂದು ಎದುರಿಗಿರುವವರಿಗೆ ಹೇಳದೆ, ಒಂದರಿಂದ ಇನ್ನೊಂದಕ್ಕೆ ಜಾರಿದಾಗಲೇ ಕ್ರೈಸ್ತ ಆಪ್ತಸಲಹೆಯ ತೊಂದರೆಗಳೆಲ್ಲ ಹುಟ್ಟಿಕೊಂಡಿವೆ ಎಂದು ನನಗೆ ಅನ್ನಿಸುತ್ತದೆ.

ಇದು ಇಂದಿನ ಮನಶ್ಶಾಸ್ತ್ರಜ್ಞರು ಹೊರಗಿನಿಂದ ತಂದು ಹೇರಿದ ವಿಂಗಡಣೆಯೇನಲ್ಲ. ಕ್ರೈಸ್ತ ಪರಂಪರೆಯ ಒಳಗಿನವರೇ, ಮನೋವೈದ್ಯ ಎನ್ನುವ ವೃತ್ತಿ ಹುಟ್ಟುವ ಮುಂಚೆಯೇ, ಇದನ್ನು ಕಂಡುಕೊಂಡಿದ್ದರು. 16ನೇ ಶತಮಾನದ ಸ್ಪೇನಿನ ಅವಿಲಾದ ತೆರೇಸಾ ತಾನು ಕಟ್ಟಿದ ಕನ್ಯಾಮಠಗಳ ಚರಿತ್ರೆ ಬರೆಯುತ್ತ ಒಂದು ಇಡೀ ಅಧ್ಯಾಯವನ್ನು ವಿಷಣ್ಣತೆಯ ಸಿಸ್ಟರ್‌ಗಳಿಗೆ ಮೀಸಲಿಟ್ಟಿದ್ದಾಳೆ. ಆಕೆಯ ಸಲಹೆ ಓದಿದರೆ ಅಚ್ಚರಿಯಾಗುತ್ತದೆ. ಅಂಥವರನ್ನು ತುಂಬಾ ಹೊತ್ತು ಪ್ರಾರ್ಥನೆಗೆ ಕೂರಿಸಬೇಡಿ, ಉಪವಾಸ ಕಡಿಮೆ ಮಾಡಿಸಿ, ಮೀನು ಅಪರೂಪಕ್ಕೆ ಕೊಡಿ, ಕೈಗೆ ಮನೆಗೆಲಸ ಹಚ್ಚಿ, ಕಲ್ಪನೆ ಹರಿದಾಡಲು ಬಿಡುವು ಸಿಗದಂತೆ ನೋಡಿಕೊಳ್ಳಿ ಎಂದು ಮಠಾಧ್ಯಕ್ಷೆಯರಿಗೆ ಹೇಳುತ್ತಾಳೆ. ಮೀನಿನ ಮಾತು ಆ ಕಾಲದ ವೈದ್ಯದ್ದು, ಬಿಡಿ. ಪ್ರಾರ್ಥನೆಯನ್ನೇ ಬದುಕಾಗಿಸಿಕೊಂಡ ಹೆಂಗಸು, ಕೆಲವು ಸ್ಥಿತಿಗಳಲ್ಲಿ ಪ್ರಾರ್ಥನೆ ಕಡಿಮೆ ಮಾಡಿ ಎನ್ನಬಲ್ಲವಳಾಗಿದ್ದಳು ಎನ್ನುವುದು ಮುಖ್ಯ. ನಮ್ಮಲ್ಲಿ ಇವತ್ತಿಗೂ ಖಿನ್ನತೆಯಲ್ಲಿ ಮುಳುಗಿದವರಿಗೆ ಮೂರು ದಿನದ ಉಪವಾಸ ಪ್ರಾರ್ಥನೆ ಹೇಳುವವರಿದ್ದಾರೆ. ಬರೀ ಭಕ್ತನಾದ ಗುರುವಿಗಿಂತ ಓದಿಕೊಂಡ ಗುರು ಮೇಲು ಎಂದು ಆಕೆ ಮತ್ತೆ ಮತ್ತೆ ಹೇಳಿದ್ದೂ ಇದೇ ಅನುಭವದಿಂದ.

ಆಕೆಯ ಒಡನಾಡಿ ಶಿಲುಬೆಯ ಯೊವಾನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪ್ರಾರ್ಥನೆಯಲ್ಲಿ ಏನೂ ಸಿಗದೆ ಒಣಗಿಹೋದಂತಾಗುವ ಸ್ಥಿತಿಯನ್ನು ಆತ ಆತ್ಮದ ಕತ್ತಲ ರಾತ್ರಿ ಎಂದು ಕರೆದ. ಆ ರಾತ್ರಿಗೂ ದೇಹದ ದೋಷದಿಂದ ಬರುವ ವಿಷಣ್ಣತೆಗೂ ವ್ಯತ್ಯಾಸ ತಿಳಿಯಲು ಮೂರು ಗುರುತುಗಳನ್ನು ಕೊಟ್ಟ. ದೇವರ ವಿಷಯದಲ್ಲೂ ರುಚಿಯಿಲ್ಲ, ಲೋಕದ ವಿಷಯದಲ್ಲೂ ರುಚಿಯಿಲ್ಲ ಎನ್ನುವುದು ಒಂದು. ರುಚಿ ಹೋದರೂ ದೇವರ ಸೇವೆಯಲ್ಲಿ ತಾನು ಹಿಂದೆ ಬೀಳುತ್ತಿದ್ದೇನೆಂಬ ಕಾಳಜಿ ಉಳಿದಿರುವುದು ಇನ್ನೊಂದು. ಎಷ್ಟು ಪ್ರಯತ್ನಪಟ್ಟರೂ ಮುಂಚಿನಂತೆ ಧ್ಯಾನ ಮಾಡಲಾಗದಿರುವುದು ಮೂರನೆಯದು. ಕತ್ತಲ ರಾತ್ರಿ ಮತ್ತು ವಿಷಣ್ಣತೆ ಎರಡೂ ಒಟ್ಟಿಗೇ ಇರಬಹುದು ಎಂದೂ ಒಪ್ಪಿಕೊಂಡ. ನಾನೂರು ವರ್ಷ ಕಳೆದ ಮೇಲೆ, 1994ರಲ್ಲಿ, ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ನಾಲ್ಕನೇ ಆವೃತ್ತಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ಬಾಬನ್ನು ಸೇರಿಸಿಕೊಂಡಿತು, ಅದೂ ಕಾಯಿಲೆಗಳ ಪಟ್ಟಿಯಿಂದ ಹೊರಗಿಟ್ಟು. ನಂಬಿಕೆ ಅಲುಗಾಡುವುದೆಲ್ಲ ರೋಗವಲ್ಲ ಎಂದು ಒಪ್ಪಲು ವೈದ್ಯಲೋಕಕ್ಕೆ ಅಷ್ಟು ಕಾಲ ಬೇಕಾಯಿತು. ಕೊಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಟ್ಟಲೆ ದೇವರ ಇರವೇ ಅನುಭವಕ್ಕೆ ಬಾರದೆ ಆಕೆ ಕೆಲಸ ಮಾಡಿದ್ದರು ಎಂಬುದು ಹೊರಬಿತ್ತು. ಖಿನ್ನತೆ ಎಂದು ಷರಾ ಬರೆದವರಿದ್ದರು. ಆ ವರ್ಷಗಳಲ್ಲೆಲ್ಲ ಬೆಳಗಿನ ಜಾವ ಎದ್ದು ಸಂಸ್ಥೆ ಕಟ್ಟಿದ ಹೆಂಗಸಿಗೆ ಆ ಷರಾ ಹೊಂದುವುದು ಕಷ್ಟ. ಆಕೆಗೆ ಆಸರೆಯಾದದ್ದು ಅದನ್ನು ರೋಗವೆನ್ನದೆ ಕೇಳಿಸಿಕೊಂಡ ಕೆಲವು ಗುರುಗಳು.

ಜೆಸ್ವಿಟ್ ಸಂಘ ಕಟ್ಟಿದ ಲೊಯೊಲಾದ ಇಗ್ನೇಷಿಯಸ್ ಬರೆದ, 1548ರಲ್ಲಿ ಅಚ್ಚಾದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಸಾಧಕನಿಗಿಂತ ಮೊದಲು ಮಾರ್ಗದರ್ಶಕನಿಗೇ ಕಟ್ಟುಪಾಡು ಹಾಕಲಾಗಿದೆ. ಸಾಧನೆಯ ದಿನಗಳಲ್ಲಿ ಸಾಧಕನನ್ನು ಸಂನ್ಯಾಸದ ಕಡೆಗಾಗಲಿ ಸಂಸಾರದ ಕಡೆಗಾಗಲಿ ವಾಲಿಸಬಾರದು, ದೇವರಿಗೂ ಅವನಿಗೂ ನಡುವೆ ನುಗ್ಗಬಾರದು. ಒಂದು ತೀರ್ಮಾನದ ಮುಂದೆ ನಿಂತವರಿಗೆ ‘ದೇವರು ನನಗೆ ತೋರಿಸಿದ್ದಾರೆ, ಈ ಮದುವೆ ಬೇಡ’ ಎಂದು ಹೇಳಿಬಿಡುವ ಇಂದಿನ ಕೆಲವು ಪ್ರವಾದಿಗಳಿಗೆ ಇಗ್ನೇಷಿಯಸ್ ಪರವಾನಗಿಯನ್ನೇ ಕೊಡುತ್ತಿರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಪಾದ್ರಿ ಮತ್ತು ಮನೋವೈದ್ಯ ಬೇರೆಬೇರೆ ಕಟ್ಟಡಗಳಿಗೆ ಹೋದರು. ಜಗಳ ಎಲ್ಲರಿಗೂ ನೆನಪಿದೆ, ಸ್ನೇಹ ಮರೆತುಹೋಗಿದೆ. ಧರ್ಮವನ್ನು ಭ್ರಮೆ ಎಂದ ಫ್ರಾಯ್ಡ್‌ಗೆ ಜ್ಯೂರಿಕ್‌ನ ಪಾದ್ರಿ ಆಸ್ಕರ್ ಫಿಸ್ಟರ್ 1909ರಿಂದ ಫ್ರಾಯ್ಡ್ ಸಾಯುವತನಕ ಗೆಳೆಯ. 1927ರಲ್ಲಿ ಫ್ರಾಯ್ಡ್ ಧರ್ಮದ ವಿರುದ್ಧ ಪುಸ್ತಕ ಬರೆದರೆ ಮರುವರ್ಷ ಫಿಸ್ಟರ್ ಅದರ ಹೆಸರನ್ನೇ ತಿರುವುಮುರುವು ಮಾಡಿ ಉತ್ತರ ಬರೆದ, ಗೆಳೆತನಕ್ಕೆ ಧಕ್ಕೆ ಬರಲಿಲ್ಲ. ಆಂಟನ್ ಬಾಯ್ಸೆನ್ ಎಂಬ ಅಮೆರಿಕದ ಪಾದ್ರಿ ತಾನೇ ಹುಚ್ಚಾಸ್ಪತ್ರೆಯಲ್ಲಿ ಇದ್ದು ಬಂದವನು. 1925ರಲ್ಲಿ ವೂಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ಪಕ್ಕದಲ್ಲಿ ಕೂರಿಸಿ ತರಬೇತಿ ಶುರುಮಾಡಿದ. ಗ್ರಂಥ ಓದಿದ ಹಾಗೆಯೇ ಜೀವಂತ ಮನುಷ್ಯರನ್ನೂ ಓದಲು ಕಲಿಯಿರಿ ಎನ್ನುವುದು ಅವನ ಪಾಠ. ಎದುರಿನವರ ಮಾತಿಗೆ ತೀರ್ಪು ಕೊಡದೆ ಕಿವಿಗೊಡಬೇಕೆಂದು ಆಪ್ತಸಲಹೆಯ ಜಗತ್ತಿಗೆ ಕಲಿಸಿದ ಕಾರ್ಲ್ ರೋಜರ್ಸ್ ಕೂಡ ಮನಶ್ಶಾಸ್ತ್ರಕ್ಕೆ ಬರುವ ಮೊದಲು ಸೇರಿದ್ದು ಪಾದ್ರಿ ತರಬೇತಿಗೆ. ಎದುರು ದಿಕ್ಕಿಗೆ ಎಳೆದವನು ಅಮೆರಿಕದ ಪಾದ್ರಿ ಜೇ ಆಡಮ್ಸ್. 1970ರ ತನ್ನ ಪುಸ್ತಕದಲ್ಲಿ, ಮನಸ್ಸಿನ ಬಹುಪಾಲು ತೊಂದರೆಗಳ ಬೇರು ಪಾಪ, ಬೈಬಲ್ಲೇ ಸಾಕು, ಮನೋವೈದ್ಯ ಬೇಡ ಎಂದ. ಆತನ ಹೆಸರು ಕೇಳದ ನಮ್ಮ ಎಷ್ಟೋ ಪಾಸ್ಟರ್‌ಗಳ ಬಾಯಲ್ಲಿ ಇವತ್ತು ಇರುವುದು ಆತನ ವಾದವೇ.

ಭಾರತಕ್ಕೆ ಈ ಚರ್ಚೆ ಆಸ್ಪತ್ರೆಗಳ ದಾರಿಯಿಂದ ಬಂತು. ಈ. ಸ್ಟ್ಯಾನ್ಲಿ ಜೋನ್ಸ್ ಎಂಬ ಮಿಷನರಿ 1950ರಲ್ಲಿ ಲಖನೌದಲ್ಲಿ ನೂರ್ ಮಂಜಿಲ್ ಮನೋವೈದ್ಯಕೀಯ ಕೇಂದ್ರ ತೆರೆದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರ ರೋಗಿಯ ಜೊತೆ ಮನೆಯವರೂ ಉಳಿಯುವ ಪದ್ಧತಿಗೆ ಹೆಸರಾಯಿತು. ಜೆಸ್ವಿಟ್ ಗುರು ಆಂತನಿ ಡಿಮೆಲ್ಲೊ 1972ರಲ್ಲಿ ಪುಣೆಯಲ್ಲಿ ‘ಸಾಧನಾ’ ಸಂಸ್ಥೆ ಶುರುಮಾಡಿ, ಇಗ್ನೇಷಿಯಸ್‌ನ ಸಾಧನೆ, ವಿಪಶ್ಯನ, ಪಶ್ಚಿಮದ ಮನಶ್ಚಿಕಿತ್ಸೆ ಎಲ್ಲವನ್ನೂ ಒಂದೇ ಕೋಣೆಗೆ ತಂದರು. ಗುರುಗಳಿಗೂ ಸಿಸ್ಟರ್‌ಗಳಿಗೂ ಅದು ಹೊಸ ಗಾಳಿ. ಆಪ್ತಸಲಹೆ ಎಲ್ಲಿ ಮುಗಿದು ಆಧ್ಯಾತ್ಮ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಮಾತ್ರ ಅಲ್ಲಿ ಇರಲಿಲ್ಲ, ಅದೇ ಅದರ ಸೊಗಸೂ ಆಗಿತ್ತು. ಡಿಮೆಲ್ಲೊ 1987ರಲ್ಲಿ ತೀರಿಕೊಂಡರು. 1998ರಲ್ಲಿ ವ್ಯಾಟಿಕನ್ ಅವರ ಬರಹಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಕರ್ನಾಟಕದ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೆಂಗಳೂರಿನ ಮೆಡಿಕೋ-ಪ್ಯಾಸ್ಟೋರಲ್ ಅಸೋಸಿಯೇಷನ್. 1964ರಲ್ಲಿ ಹುಟ್ಟಿದ ಈ ಸಂಸ್ಥೆಯ ಹೆಸರಿನಲ್ಲೇ ವೈದ್ಯರೂ ಪಾದ್ರಿಗಳೂ ಅಕ್ಕಪಕ್ಕ ಕೂತಿದ್ದಾರೆ. ಮನೋರೋಗದಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಹೊರಬಂದವರು ನೇರ ಮನೆಗೆ ಹೋಗಲಾರದ ನಡುವಿನ ದಿನಗಳಿಗೆ ಬೇಕಾದ ತಂಗುಮನೆಯನ್ನು ದೇಶದಲ್ಲೇ ಮೊದಮೊದಲು ನಡೆಸಿದವರಲ್ಲಿ ಇವರೂ ಒಬ್ಬರು. ಮುಂದೆ ನಿಮ್ಹಾನ್ಸ್ ಮತ್ತು ರೋಟರಿ ಜೊತೆ ಸೇರಿ ‘ಸಹಾಯ್’ ಎಂಬ ಸಹಾಯವಾಣಿಯನ್ನೂ ನಡೆಸಿದರು. ಇಲ್ಲಿನ ಬಾಗಿಲು ಯಾವ ಧರ್ಮದವರಿಗೂ ಮುಚ್ಚಿಲ್ಲ. ಪಾದ್ರಿಯನ್ನು ಅರೆವೈದ್ಯನನ್ನಾಗಿ ಮಾಡುವುದಕ್ಕಾಗಲಿ ವೈದ್ಯನ ಕೈಗೆ ಬೈಬಲ್ ಕೊಡುವುದಕ್ಕಾಗಲಿ ಹೋಗದೆ, ಇಬ್ಬರನ್ನೂ ಒಂದೇ ಸಮಿತಿಯಲ್ಲಿ ಕೂರಿಸಿದ ಈ ಬುದ್ಧಿವಂತಿಕೆಯನ್ನು ನಮ್ಮ ಸಭೆಗಳು ಆರು ದಶಕವಾದರೂ ನಕಲು ಮಾಡಲಿಲ್ಲ.

ಉಳಿದ ಸಂಸ್ಥೆಗಳೂ ಇವೆ. 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮಿಲ್ಲರ್ಸ್ ರಸ್ತೆಯಲ್ಲಿದೆ. ಅದು ಸೇರಿರುವ ಸೆರಾಂಪುರ ವಿಶ್ವವಿದ್ಯಾಲಯ ವ್ಯವಸ್ಥೆಯ ದೇವಶಾಸ್ತ್ರ ಪದವಿಗಳಲ್ಲಿ ಸಭಾಪಾಲನೆ ಮತ್ತು ಆಪ್ತಸಲಹೆ ಒಂದು ಸ್ನಾತಕೋತ್ತರ ವಿಷಯವೇ ಆಗಿದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಿಂದ ಇದೆ, ಅಲ್ಲಿ ರೋಗಿಗಳ ಹಾಸಿಗೆಯ ಬಳಿಗೆ ಬರುವ ಚಾಪ್ಲಿನ್‌ಗಳಿದ್ದಾರೆ. ನಮ್ಮ ಪಶ್ಚಿಮ ಭಾಗದಲ್ಲೇ, ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ, ಕ್ರೈಸ್ಟ್ ವಿಶ್ವವಿದ್ಯಾಲಯದ ಕೆಂಗೇರಿ ಕ್ಯಾಂಪಸ್ ಇದೆ. ವಿಶ್ವವಿದ್ಯಾಲಯದ ಹೆಸರು ಕ್ರೈಸ್ತ, ನಡೆಸುವವರು ಸಿಎಂಐ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು. ಆದರೂ ಅಲ್ಲಿಯ ಮನಶ್ಶಾಸ್ತ್ರ ಎಲ್ಲ ಕಡೆ ಕಲಿಸುವ ಮನಶ್ಶಾಸ್ತ್ರವೇ, ಹಾಗೆ ಇರುವುದೇ ಸರಿ.

ಮೈಸೂರಿನಲ್ಲಿ ಬೇರೊಂದು ಪ್ರಯೋಗ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ದೈವಾರಾಧನೆ ಕೇಂದ್ರವನ್ನು 1967ರಲ್ಲಿ ಕಟ್ಟಿದ ಡಿ.ಎಸ್. ಅಮಲೋರ್ಪವದಾಸ್ ಮುಂದೆ ಮೈಸೂರಿಗೆ ಹೋಗಿ ಅಂಜಲಿ ಆಶ್ರಮ ಸ್ಥಾಪಿಸಿದರು. ಅಲ್ಲಿ ಮಾರ್ಗದರ್ಶನದ ಮಾದರಿ ಗುರು–ಶಿಷ್ಯ ಸಂಬಂಧ. ನಮ್ಮ ನೆಲಕ್ಕೆ ಅದು ಒಗ್ಗುತ್ತದೆ, ಅದಕ್ಕೇ ಅದರ ಅಪಾಯವೂ ನಮ್ಮ ನೆಲದ್ದೇ. ಗುರುವಿನ ಮಾತಿಗೆ ಎದುರಾಡದಿರುವುದು ಶಿಷ್ಯನ ಗುಣ ಎಂದು ಕಲಿತವರು ಆಪ್ತಸಲಹೆಗೆ ಬಂದಾಗಲೂ ತಲೆಯಾಡಿಸುತ್ತಾರೆ. ಒಪ್ಪಿದ್ದಕ್ಕೋ ಗೌರವಕ್ಕೋ, ಎದುರು ಕೂತವರಿಗೆ ಗೊತ್ತಾಗುವುದಿಲ್ಲ.

ಇದು ಕ್ರೈಸ್ತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ ಎಂಬುದಕ್ಕೆ ಕರಾವಳಿಯ ಕೋಟ ಸಾಕ್ಷಿ. ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಎಲ್. ಕಪೂರ್ ಅಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಸಮೀಕ್ಷೆ ಮಾಡಿ 1976ರಲ್ಲಿ ಪುಸ್ತಕ ತಂದರು. ಜನ ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೂ ಮಂತ್ರವಾದಿಯ ಬಳಿಗೂ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಒಂದಕ್ಕೆ ಹೋದರೆ ಇನ್ನೊಂದನ್ನು ಬಿಡಬೇಕು ಎಂಬ ಯೋಚನೆ ಅವರಿಗಿರಲಿಲ್ಲ. ಕಪೂರ್ ಕೊನೆಗಾಲದಲ್ಲಿ ಸಾಧುಸಂತರ ಜೊತೆ ಓಡಾಡಿ ಅವರ ಮನಸ್ಸನ್ನೂ ಅಧ್ಯಯನ ಮಾಡಿದರು. ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ ನಿಂತು ನೋಡಿದರೆ ಕೋಟದ ಸಮೀಕ್ಷೆ ಹೇಳುವುದು ಕಣ್ಣೆದುರೇ ಕಾಣುತ್ತದೆ. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದವರು ಒಂದೇ ಸಾಲಿನಲ್ಲಿ ಇರುತ್ತಾರೆ.

ಸಂಶೋಧನೆ ಏನನ್ನುತ್ತದೆ? ನಂಬಿಕೆ ಒಳ್ಳೆಯದು ಎಂಬ ಸುಲಭದ ಉತ್ತರ ಅಲ್ಲಿ ಸಿಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು 55 ದಾಟಿದ, ಆಸ್ಪತ್ರೆ ಸೇರಿದ್ದ ಸುಮಾರು 600 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕೆಲಸ ಎಂದು ನಂಬಿದವರಲ್ಲಿ ಸಾವಿನ ಅಪಾಯ ಶೇ 19ರಿಂದ 28ರಷ್ಟು ಹೆಚ್ಚಿತ್ತು. ಅಂದರೆ ನಂಬಿಕೆಯ ಪ್ರಮಾಣಕ್ಕಿಂತ ನಂಬಿಕೆಯ ಬಗೆ ಮುಖ್ಯ. ಖಿನ್ನತೆಯವರಿಗೆ ‘ನಿಮ್ಮ ವಿಶ್ವಾಸ ಸಾಲದು’ ಎನ್ನುವ ಪಾಸ್ಟರ್, ತನಗೆ ತಿಳಿಯದೆಯೇ, ಈ ಮೂರರಲ್ಲಿ ಒಂದನ್ನು ಅವರ ತಲೆಯಲ್ಲಿ ಬಿತ್ತುತ್ತಿರುತ್ತಾರೆ. ಇಂಥ ಗಂಟುಗಳನ್ನು ಬಿಡಿಸುವುದು ಮಾತ್ರ ಆಪ್ತಸಲಹೆಗಾರನಿಂದ ಆಗದು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ ಎಂದು ಅಳುವವರಿಗೆ, ಹಾಗಲ್ಲಮ್ಮ ಎಂದು ಅಧಿಕಾರದಿಂದ ಹೇಳಬಲ್ಲವರು ಫಾದರೋ ಪಾಸ್ಟರೋ ಆಗಿರಬೇಕು. ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಬೇರೆ ಯಾರೂ ತುಂಬಲಾಗದ ಪಾತ್ರ ಇರುವುದು ಇಲ್ಲಿ.

ನಮ್ಮ ಕಡೆಯದೂ ಒಂದು ಅಧ್ಯಯನವಿದೆ. ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಅಳೆದು ನೋಡಿ 2002ರಲ್ಲಿ ಬರೆದರು. ಔಷಧಿ ಇಲ್ಲದೆ, ವಿಶೇಷ ಪೂಜೆಯೂ ಇಲ್ಲದೆ, ರೋಗಲಕ್ಷಣದ ಅಂಕ ಶೇ 20ರ ಹತ್ತಿರ ಇಳಿದಿತ್ತು. ಬೈಯದ, ಹೊಡೆಯದ, ಸುಮ್ಮನೆ ಇರಲು ಬಿಡುವ ಜಾಗವೇ ಕೆಲಸ ಮಾಡಿತ್ತು. ಇದನ್ನು ಪವಾಡವೆಂದು ಸಾರುವುದು ತಪ್ಪು, 31 ಜನರಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು. ತಮಿಳುನಾಡಿನದೇ ಏರ್ವಾಡಿಯ 2001ರ ದುರಂತವನ್ನು ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಸರಪಳಿ ಹಾಕಿದ್ದ 28 ಮನೋರೋಗಿಗಳು ಬೆಂಕಿಯಲ್ಲಿ ಸತ್ತರು. ಅದೂ ದೇವರ ಆಶ್ರಯ ಹುಡುಕಿ ಬಂದವರ ತಾಣವೇ.

ಮತ್ತೆ ಮೈಸೂರು ರಸ್ತೆಗೆ ಬರೋಣ. ಸ್ಯಾಟಲೈಟ್ ಬಸ್ ನಿಲ್ದಾಣದಿಂದ ವಿಜಯನಗರದವರೆಗೆ ಕ್ರೈಸ್ತ ಎಂಬುದು ಒಂದೇ ಬಣ್ಣವಲ್ಲ. ಕ್ಯಾಥೊಲಿಕ್ ಮನೆಯವರಿಗೆ ಧರ್ಮಕೇಂದ್ರದ ಫಾದರ್, ಪಾಪನಿವೇದನೆ, ವರ್ಷಕ್ಕೊಮ್ಮೆ ಧ್ಯಾನಕೂಟ. ಪ್ರೊಟೆಸ್ಟಂಟರ ಸಿಎಸ್‌ಐ ಸಭೆಯವರಿಗೆ ‘ಅಯ್ಯನವರು’, ಅವರೂ ಕೆಲವು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಆಟೊ ಓಡಿಸುವವರು, ಪೇಂಟರ್‌ಗಳು ಹೆಚ್ಚಾಗಿ ಇರುವುದು ಬಾಡಿಗೆ ಮಹಡಿಗಳ ಸ್ವತಂತ್ರ ಸಭೆಗಳಲ್ಲಿ. ಅಲ್ಲಿ ಪಾಸ್ಟರ್ ವರ್ಗವಾಗುವುದಿಲ್ಲ, ಮೇಲಧಿಕಾರಿಯೂ ಇಲ್ಲ. ಇದು ಅವರ ಶಕ್ತಿ, ಒಂದು ಮನೆಯ ಮೂರು ತಲೆಮಾರು ಅವರಿಗೆ ಗೊತ್ತಿರುತ್ತದೆ. ಅವರು ತಪ್ಪಿದರೆ ಕೇಳುವವರು ಯಾರೂ ಇಲ್ಲದಿರುವುದು ಅದರ ಮಗ್ಗುಲಿನ ತೊಂದರೆ.

ಇಲ್ಲಿಗೆ ಬರುವ ಸಂಕಟಗಳಲ್ಲಿ ಕುಡಿತವೇ ಮೊದಲು. ಗಂಡ ಕುಡಿತ ಬಿಟ್ಟ ಎಂಬ ಸಾಕ್ಷಿ ಭಾನುವಾರದ ಆರಾಧನೆಯಲ್ಲಿ ಕೇಳದ ಸಭೆಯಿಲ್ಲ, ಅದರಲ್ಲಿ ಎಷ್ಟೋ ನಿಜ. ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಹುಟ್ಟಿದ್ದೇ ಒಂದು ಕ್ರೈಸ್ತ ಕೂಟದ ಒಡನಾಟದಿಂದ. ತನ್ನ ಕೈಮೀರಿದ್ದನ್ನು ತನಗಿಂತ ಮೇಲಿನ ಶಕ್ತಿಗೆ ಒಪ್ಪಿಸುವುದು ಅದರ ಹನ್ನೆರಡು ಹೆಜ್ಜೆಗಳ ಮೊದಲ ಭಾಗ. ಬಿಟ್ಟವನನ್ನು ಪ್ರತಿದಿನ ವಿಚಾರಿಸಿಕೊಳ್ಳುವ ಬಳಗ, ಸಂಜೆ ಹೋಗಲು ಬಾರ್ ಬಿಟ್ಟು ಬೇರೊಂದು ಜಾಗ, ಇದನ್ನು ಆಸ್ಪತ್ರೆ ಬರೆದುಕೊಡಲಾರದು. ಆದರೆ ವರ್ಷಗಟ್ಟಲೆ ದಿನವಿಡೀ ಕುಡಿದವನು ಏಕಾಏಕಿ ನಿಲ್ಲಿಸಿದಾಗ ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಗೊಂದಲ ಶುರುವಾಗಬಹುದು. ಜೀವಕ್ಕೇ ಅಪಾಯ. ಅದನ್ನು ದೆವ್ವ ಹೊರಬರುವ ಹೋರಾಟ ಎಂದುಕೊಂಡು ಸುತ್ತ ನಿಂತು ಕೈಯಿಟ್ಟು ಪ್ರಾರ್ಥಿಸುತ್ತ ಕೂತರೆ ಮನುಷ್ಯ ಸಾಯಬಹುದು. ಪ್ರತಿ ಪಾಸ್ಟರ್‌ಗೂ ಕಲಿಸಬೇಕಾದ ಮೊದಲ ಪಾಠ ಇದು, ಒಂದು ಮಧ್ಯಾಹ್ನ ಸಾಕು.

ಮಾತ್ರೆ ಬಿಡಿಸುವುದು ಇನ್ನೊಂದು ಅಪಾಯ. ‘ವಿಶ್ವಾಸವಿದ್ದರೆ ಮಾತ್ರೆ ಯಾಕೆ’ ಎಂದು ನೇರವಾಗಿ ಹೇಳುವವರು ಈಗ ಕಡಿಮೆ. ಗುಣವಾದದ್ದಕ್ಕೆ ಸಾಕ್ಷಿ ಹೇಳಿಸಿಬಿಡುತ್ತಾರೆ, ವೇದಿಕೆ ಮೇಲೆ ಗುಣವಾದೆ ಎಂದವರು ಮನೆಗೆ ಬಂದು ಮಾತ್ರೆ ನುಂಗಲು ನಾಚುತ್ತಾರೆ. ತಿಂಗಳೆರಡು ತಿಂಗಳಲ್ಲಿ ಕಾಯಿಲೆ ಮರುಕಳಿಸಿದರೆ ಈಗ ಅದರ ಜೊತೆ ಅಪರಾಧಿ ಭಾವವೂ ಸೇರಿರುತ್ತದೆ. ಬೈಬಲ್ಲಿನ ಎಲೀಯನ ಕತೆ ಇವರಿಗೆ ಗೊತ್ತಿಲ್ಲದ್ದಲ್ಲ. ಸಾಯಬೇಕೆಂದು ಅಡವಿಯಲ್ಲಿ ಗಿಡದ ಬುಡಕ್ಕೆ ಒರಗಿದ ಪ್ರವಾದಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ.

ದೆವ್ವ ಬಿಡಿಸುವ ಪ್ರಾರ್ಥನೆಯ ಬಗ್ಗೆ ಕ್ಯಾಥೊಲಿಕ್ ನಿಯಮ ಬಿಗಿಯಾಗಿದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಉಚ್ಚಾಟನೆ ಮಾಡುವಂತಿಲ್ಲ. 1999ರಲ್ಲಿ ಪರಿಷ್ಕರಿಸಿದ ವಿಧಿಯಲ್ಲಿ ಕಾಯಿಲೆಯೇ ಇರಬಹುದೆಂದು ಮೊದಲು ಪರಿಶೀಲಿಸಬೇಕು, ವೈದ್ಯರನ್ನು ಕೇಳಬೇಕು ಎಂದಿದೆ. ಸ್ವತಂತ್ರ ಸಭೆಗಳಿಗೆ ಇಂಥ ಲಗಾಮಿಲ್ಲ. 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ಮೌಢ್ಯಾಚರಣೆ ವಿರೋಧಿ ಕಾಯ್ದೆಯಲ್ಲಿ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಪ್ರಾರ್ಥನೆಗೆ ಅದು ಅಡ್ಡಿ ಮಾಡುವುದಿಲ್ಲ.

ಕಾನೂನಿನ ಇನ್ನೆರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮಿನ ಪ್ರಕಾರ, ಸಮುದಾಯದ ನೈತಿಕ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದದಿರುವುದರಿಂದಲೇ ಒಬ್ಬರನ್ನು ಮನೋರೋಗಿ ಎನ್ನುವಂತಿಲ್ಲ. ಸಭೆ ಬಿಟ್ಟ ಮಗಳನ್ನು, ಬೇರೆ ಜಾತಿಯವನನ್ನು ಪ್ರೀತಿಸಿದ ಮಗನನ್ನು ‘ಕೌನ್ಸೆಲಿಂಗ್ ಕೊಡಿಸಿ’ ಎಂದು ಎಳೆತರುವ ತಂದೆತಾಯಿಗಳಿಗೆ ಈ ಸಾಲನ್ನು ಓದಿ ಹೇಳುವುದು ಆಪ್ತಸಲಹೆಗಾರನ ಕೆಲಸದ ಭಾಗ. ಎರಡನೆಯದು ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ. ದೈವದ ಅವಕೃಪೆಯ ಮಾತನ್ನೂ ಅದು ಆಮಿಷದ ವ್ಯಾಖ್ಯಾನದೊಳಗೆ ಸೇರಿಸಿತು. 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದೆಗೆಯಲು ತೀರ್ಮಾನಿಸಿತು. ಆ ಕಾಯ್ದೆಯ ಉದ್ದೇಶವನ್ನು ನಾನು ಒಪ್ಪುವುದಿಲ್ಲ. ಹಾಗೆಂದು, ನೋವಿನಲ್ಲಿ ಬಂದ ಹಿಂದೂ ನೆರೆಯವಳಿಗೆ ಆಪ್ತಸಲಹೆಯ ಹೆಸರಿನಲ್ಲಿ ಪ್ರಾರ್ಥನೆ ಹೇಳಿಸುವುದು ಸರಿಯೆಂದಾಗುವುದಿಲ್ಲ. ಅವಳೇ ಕೇಳಿದರೆ ಬೇರೆ ಮಾತು. ವಿಶ್ವ ಮನೋವೈದ್ಯ ಸಂಘ 2015ರ ತನ್ನ ಹೇಳಿಕೆಯಲ್ಲಿ ಎರಡು ಮಾತನ್ನೂ ಸೇರಿಸಿ ಹೇಳಿದೆ. ರೋಗಿಯ ಧರ್ಮ, ಆಧ್ಯಾತ್ಮವನ್ನು ವೈದ್ಯ ವಿಚಾರಿಸಿ ತಿಳಿಯಬೇಕು, ತನ್ನದನ್ನು ಆ ಸ್ಥಾನ ಬಳಸಿ ಹೇರಬಾರದು. ಪ್ರಾರ್ಥನೆಯ ಬಾಗಿಲನ್ನು ತೆರೆಯುವವರು ಬಂದವರೇ ಆಗಿರಬೇಕು.

ಗುಟ್ಟು ಕಾಯುವ ವಿಷಯದಲ್ಲಿ ಮೂರು ಕಸುಬುಗಳಿಗೂ ಬೇರೆ ಬೇರೆ ಕಟ್ಟಳೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ, ನೇರವಾಗಿ ಮುರಿದರೆ ಬಹಿಷ್ಕಾರ. ಧರ್ಮಸಭೆಯ ಕಾನೂನಿನ 985ನೇ ಕಲಮು ಇನ್ನೂ ಸೂಕ್ಷ್ಮ. ಗುರುಮಠದ ಮುಖ್ಯಸ್ಥ ತನ್ನ ಜೊತೆ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ಅವರಾಗಿ ಕೇಳಿಕೊಂಡ ಹೊರತು. ಒಬ್ಬರ ಭವಿಷ್ಯ ತೀರ್ಮಾನಿಸುವವನೇ ಅವರ ಒಳಗನ್ನೂ ತಿಳಿದಿರಬಾರದು ಎಂಬ ಈ ಎಚ್ಚರ ಬಹಳ ದೊಡ್ಡದು. ಅದನ್ನು ಪಾಸ್ಟರ್ ಸಭೆಗೆ ಅನ್ವಯಿಸಿ ನೋಡಿ. ಗುರುವಾರ ತನ್ನ ದಾಂಪತ್ಯದ ಕತೆ ಹೇಳಿಕೊಂಡ ಹೆಂಗಸು ಭಾನುವಾರ ಪ್ರಸಂಗದಲ್ಲಿ ‘ಒಬ್ಬ ಸಹೋದರಿ’ ಎಂದು ಶುರುವಾದ ಉದಾಹರಣೆ ಕೇಳಿ ತಲೆತಗ್ಗಿಸುತ್ತಾಳೆ. ಹೆಸರು ಹೇಳದಿದ್ದರೇನು, ನಲವತ್ತು ಜನರ ಸಭೆಯಲ್ಲಿ ಎಲ್ಲರಿಗೂ ಗೊತ್ತು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯಕ್ಕೆ ಬಂದರೆ ಗುಟ್ಟು ಎಂಬುದೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ವಕೀಲನ ಬಳಿ ಆಡಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ಇರುವಂಥ ರಕ್ಷಣೆ ಪಾದ್ರಿಯ ಬಳಿ ಆಡಿದ ಮಾತಿಗೆ ಬರೆದಿಟ್ಟಿಲ್ಲ. ಪಾಪನಿವೇದನೆಯ ಮುದ್ರೆ ಮತ್ತು ಪೋಕ್ಸೊ ಎದುರುಬದುರಾದರೆ ಏನು ಎಂಬುದು ಕ್ಯಾಥೊಲಿಕ್ ಗುರುವಿಗೆ ನಿಜವಾದ ಇಕ್ಕಟ್ಟು. ಪಾಸ್ಟರ್‌ಗೆ, ಆಪ್ತಸಲಹೆಗಾರನಿಗೆ ಅಂಥ ಇಕ್ಕಟ್ಟೇ ಇಲ್ಲ. ‘ಸಭೆಯ ಹೆಸರು ಕೆಡುತ್ತದೆ, ನಾವೇ ಕೂತು ಬಗೆಹರಿಸೋಣ’ ಎನ್ನುವುದು ಅಪರಾಧ.

ಇಷ್ಟಕ್ಕೂ ಪೂರ್ಣಾವಧಿ ಕ್ರೈಸ್ತ ಆಪ್ತಸಲಹೆಗಾರರು ಇದ್ದಾರಲ್ಲ ಎನ್ನಬಹುದು. ಇದ್ದಾರೆ, ಒಳ್ಳೆಯವರೂ ಇದ್ದಾರೆ. ಖಾಸಗಿಯಾಗಿ ಹೋದರೆ ಒಂದು ಗಂಟೆಯ ಫೀಸು ನಗರದಲ್ಲಿ ಸಾಮಾನ್ಯವಾಗಿ ಸಾವಿರ ದಾಟುತ್ತದೆ. ಮಾತು ಇಂಗ್ಲಿಷಿನಲ್ಲಿ. ಕಲಿತದ್ದೂ ಇಂಗ್ಲಿಷಿನಲ್ಲೇ ಆದ್ದರಿಂದ ‘ಹೊಟ್ಟೆ ಉರಿಯುತ್ತೆ’, ‘ಮನಸ್ಸು ಒಂಥರಾ ಆಗುತ್ತೆ’, ‘ಜೀವ ಕೈಗೆ ಬಂದಂಗಾಗುತ್ತೆ’ ಎಂದು ಬಂದವರಿಗೆ ಉತ್ತರ ಕೊಡಲು ಪದವಿಲ್ಲದೆ ತಡವರಿಸುತ್ತಾರೆ. ಕನ್ನಡಕ್ಕೆ ಪದಗಳ ಬಡತನವೇನಿಲ್ಲ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಬಗ್ಗೆ ಕನ್ನಡದಲ್ಲಿ ಒಂದು ಗ್ರಂಥಾಲಯದಷ್ಟು ಬರೆದಿದ್ದಾರೆ, ‘ಸಮಾಧಾನ’ ಕೇಂದ್ರದಲ್ಲಿ ಪದವಿಯಿಲ್ಲದ ಸಾಮಾನ್ಯರಿಗೇ ಆಪ್ತಸಲಹೆಯ ತರಬೇತಿ ಕೊಟ್ಟಿದ್ದಾರೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲಿ ದೇವಶಾಸ್ತ್ರ ಕಲಿಸುತ್ತ ಬಂದಿದೆ. ಕನ್ನಡದ ಈ ಮನಶ್ಶಾಸ್ತ್ರವನ್ನೂ ಈ ದೇವಶಾಸ್ತ್ರವನ್ನೂ ಕೂಡಿಸಿದರೆ ಪಾಸ್ಟರ್‌ಗಳ ತರಬೇತಿಗೆ ಪಠ್ಯ ಸಿದ್ಧ.

ಪಾಸ್ಟರ್ ಮನಶ್ಚಿಕಿತ್ಸಕ ಆಗಬೇಕಿಲ್ಲ, ಆಗಲೂಬಾರದು. ಯಾವಾಗ ಕಳಿಸಬೇಕು, ಎಲ್ಲಿಗೆ ಕಳಿಸಬೇಕು, ಕಳಿಸಿದ ಮೇಲೆ ಕೈಬಿಡದಿರುವುದು ಹೇಗೆ, ಈ ಮೂರು ಗೊತ್ತಿದ್ದರೆ ಸಾಕು. ಸಾಯುವ ಮಾತು, ಎರಡು ವಾರ ಮೀರಿದ ನಿದ್ದೆಗೇಡು ಮತ್ತು ಊಟ ಸೇರದಿರುವುದು, ಇಲ್ಲದ ದನಿ ಕೇಳುವುದು, ಹೆರಿಗೆಯಾದ ತಾಯಿ ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡುವುದು, ಕುಡಿತ ಬಿಟ್ಟ ಮೊದಲ ವಾರ, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮದುವೆಯ ಪ್ರಕಟಣೆಗಳನ್ನು ಅಂಟಿಸುವ ಸೂಚನಾಫಲಕದಲ್ಲಿ ಈ ಐದು ಅಂಕಿಗಳಿಗೂ ಜಾಗ ಸಿಗಬೇಕು. ಆಸ್ಪತ್ರೆಗೆ ಪಾಸ್ಟರೇ ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ‘ಪಾಸ್ಟರೇ ಕರಕೊಂಡು ಹೋದರಂತೆ’ ಎಂದಮೇಲೆ ಸಭೆಯಲ್ಲಿ ಮಾತ್ರೆಯ ಬಗ್ಗೆ ಪಿಸುಗುಟ್ಟುವವರಿಲ್ಲ.

ಇಂಥ ತರಬೇತಿ ಶುರುಮಾಡುವವರಿಗೆ ಒಂದು ಸೂಚನೆ. ಹೆಂಗಸರು ಗಂಡನ ಹೊಡೆತದ ಬಗ್ಗೆ, ಗರ್ಭಪಾತದ ಬಗ್ಗೆ, ಮಾವನ ಕಣ್ಣಿನ ಬಗ್ಗೆ ಹೇಳಿಕೊಳ್ಳುವುದು ಪಾಸ್ಟರ್ ಬಳಿ ಅಲ್ಲ, ಅವರ ಹೆಂಡತಿಯ ಬಳಿ. ‘ಪಾಸ್ಟರಮ್ಮ’ನಿಗೆ ಸಂಬಳವಿಲ್ಲ, ಪದವಿಯಿಲ್ಲ, ದೇವಶಾಸ್ತ್ರ ಕಾಲೇಜಿನ ಪಟ್ಟಿಯಲ್ಲಿ ಹೆಸರಿಲ್ಲ. ಕೇಳಿದ್ದನ್ನೆಲ್ಲ ಇಳಿಸಿಕೊಳ್ಳಲು ಅವರಿಗೊಬ್ಬ ಮಾರ್ಗದರ್ಶಕರೂ ಇಲ್ಲ. ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿ. ತರಗತಿ ಕನ್ನಡದಲ್ಲಿರಲಿ, ತಮಿಳು–ತೆಲುಗು ಬಲ್ಲವರೊಬ್ಬರು ಜೊತೆಗಿರಲಿ. ದಿನ ಮಂಗಳವಾರವೋ ಬುಧವಾರವೋ, ಮಧ್ಯಾಹ್ನ ಎರಡರಿಂದ ನಾಲ್ಕು. ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಭಾನುವಾರದ ತಯಾರಿ, ಸಂಜೆಯಾದರೆ ಗಾರ್ಮೆಂಟ್ಸ್ ಬಿಟ್ಟು ಬರುವ ಹೆಂಗಸರು ಪಾಸ್ಟರಮ್ಮನ ಅಡುಗೆಮನೆ ಬಾಗಿಲಲ್ಲಿ ಇರುತ್ತಾರೆ.